ಜೊತೆ ಸಿಗುವ ತನಕ

ನರ್ಸಮ್ಮನ ಅಂಗೈ ಸದಾ ಬೆವರುತ್ತಿತ್ತು. ನಮ್ಮ ಜೆ.ಪಿ. ನಗರದ ಮನೆಯ ಗೇಟು ಹಿಡಿದು ನಿಂತು ಕೈ ತೆಗೆದರೆ, ಕಬ್ಬಿಣದ ಮೇಲೆ ಬೆರಳುಗಳ ಒದ್ದೆ ಗುರುತು ಉಳಿಯುತ್ತಿತ್ತು. ನಾಳೆ ನನಗೆ ಆಪರೇಷನ್. ಬೆಳಗಿನಿಂದ ನನ್ನ ಅಂಗೈಯೂ ಹಾಗೇ ಬೆವರುತ್ತಿದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಅವರು ತರಕಾರಿಗೂ ಒಬ್ಬರೇ ಹೋದವರಲ್ಲ. ಆ ಕಡೆ ಹೋಗುವವರು ಯಾರಾದರೂ ಬರಲೆಂದು ಗೇಟಿನಲ್ಲೇ ಕಾಯುತ್ತಿದ್ದರು.

"ಎಷ್ಟು ಪುಕ್ಕಲು ಆಂಟಿ ನೀವು!" ಎಂದು ನಾನೆಂದರೆ ಅವರಿಗೆ ಬೇಸರವಿಲ್ಲ.

"ಹೂಂ ಕಣಮ್ಮ. ಪುಕ್ಕಲಾಗಿದ್ದಕ್ಕೇ ಇನ್ನೂ ಬದುಕಿದ್ದೀನಿ."

ಅವರು ನರ್ಸಾಗಿ ದುಡಿದದ್ದು ಹನೂರಿನ ಆಚೆಯ ಬೆಟ್ಟಗಳಲ್ಲಿ. ಒಂದು ಗುಡ್ಡದ ಮಗ್ಗುಲಲ್ಲಿ ಸೋಲಿಗರ ಗುಡಿಸಲುಗಳ ಪೋಡು, ಕಣಿವೆ ದಾಟಿದರೆ ಲಿಂಗಾಯತರ ಹತ್ತಾರು ಮನೆ, ಇಳಿಜಾರಿನಲ್ಲಿ ತಮಿಳು ಮಾತಾಡುವವರ ಊರು, ಮತ್ತೊಂದು ದಿಕ್ಕಿಗೆ ಟಿಬೆಟನ್ನರ ಕ್ಯಾಂಪು. ನಡುವೆಲ್ಲ ಬಿದಿರು, ಲಂಟಾನ, ಆನೆ. ಊರಂಚಿನ ಹುಣಸೆಮರದಡಿ ನಾಲ್ಕು ಜನ ಕೂಡದೆ ಯಾರೂ ಹೊರಡುತ್ತಿರಲಿಲ್ಲ. ಯಾವ ಜನ, ಯಾವ ಭಾಷೆ ಎಂದು ಕೇಳುವವರಿಲ್ಲ. ಎರಡು ಕಾಲಿದ್ದರೆ ಆಯಿತು.

ಒಮ್ಮೆ ಅವರೊಂದಿಗೆ ನಾನೂ ಅಲ್ಲಿಗೆ ಹೋಗಿದ್ದೆ. ಹುಣಸೆಮರದಡಿ ಕಾದು ಕಾದು ಬೇಸತ್ತು, "ಬನ್ನಿ ಆಂಟಿ, ಮುಂದಿನ ಊರು ಇಲ್ಲೇ ಕಾಣ್ತಿದೆ" ಎಂದೆ. ಅವರು ಕದಲಲಿಲ್ಲ. ಕೊನೆಗೆ ಸೌದೆ ಹೊತ್ತ ಸೋಲಿಗರ ಅಜ್ಜಿಯೊಬ್ಬರು, ಜೋಳದ ಮೂಟೆ ಹೊತ್ತ ಟಿಬೆಟನ್ ಮುದುಕರೊಬ್ಬರು ಬಂದ ಮೇಲೆ ಹೊರಟೆವು.

ತಿರುವಿನಲ್ಲಿ ಅಜ್ಜಿ ತಟ್ಟನೆ ನಿಂತರು. ಬಿದಿರು ಲಟಲಟ ಮುರಿಯಿತು. ಎಲೆಗಳ ನಡುವೆ ಮೊರದಗಲದ ಕಿವಿಯೊಂದು ಅಲ್ಲಾಡಿತು. ನಾನು ಓಡಲು ಕಾಲೆತ್ತಿದೆ. ಒದ್ದೆ ಕೈಯೊಂದು ನನ್ನ ಮುಂಗೈ ಹಿಡಿಯಿತು. ನರ್ಸಮ್ಮನೂ ಗಡಗಡ ನಡುಗುತ್ತಿದ್ದರು.

"ನಡುಗು, ಪರವಾಗಿಲ್ಲ. ಓಡ್ಬೇಡ," ಎಂದು ಪಿಸುಗುಟ್ಟಿದರು.

ಆನೆ ತನ್ನ ಪಾಡಿಗೆ ಹೋಗುವವರೆಗೂ ನಾಲ್ವರೂ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದೆವು.

ಹೋದ ವರ್ಷ ಅವರಿಗೆ ಹೃದಯದ ಆಪರೇಷನ್ ಆಯಿತು. ಥಿಯೇಟರಿನ ಬಾಗಿಲಲ್ಲಿ ನನ್ನ ಕೈ ಬಿಡಲೊಲ್ಲರು. "ಒಳಗೆ ಇನ್ಯಾರಾದ್ರೂ ಹೋಗೋರಿದ್ದಾರಾ? ಜೊತೇಲಿ ಹೋಗ್ತೀನಿ" ಎಂದು ಸ್ಟ್ರೆಚರ್ ತಳ್ಳುತ್ತಿದ್ದಾತನನ್ನು ಕೇಳಿದರು.

"ನಾನೇ ಬರ್ತೀನಲ್ಲಮ್ಮ," ಎಂದ ಆತ.

ನರ್ಸಮ್ಮ ಆತನ ಮುಖ ನೋಡಿದರು. ನನ್ನ ಕೈ ಬಿಟ್ಟು ಆತನ ಕೈ ಹಿಡಿದುಕೊಂಡರು. ಮತ್ತೆ ಅವರು ಜೀವಂತವಾಗಿ ಹೊರಗೆ ಬರಲಿಲ್ಲ.

ನನಗೆ ಭಯವಾಗುತ್ತಿದೆ, ಸುಳ್ಳೇಕೆ ಹೇಳಲಿ. ಎಲ್ಲರೂ ಫೋನಿನಲ್ಲಿ ಧೈರ್ಯ ಹೇಳಿ ಇಟ್ಟರು. ಸಂಜೆ ಗೇಟು ಹಿಡಿದು ನಿಂತೆ. ಈವರೆಗೆ ನನ್ನೊಂದಿಗೆ ಮಾತಾಡಿಯೇ ಇರದ ಎದುರುಮನೆಯವರು ಹೊರಗೆ ಬಂದರು.

"ಮೇಡಂ, ನಾಳೆ ನಂಗೆ ಆಪರೇಷನ್. ತುಂಬಾ ಭಯ ಆಗ್ತಿದೆ. ಜೊತೆಗೆ ಬರ್ತೀರಾ?"

ಅವರು ರಸ್ತೆ ದಾಟಿ ಬಂದು, ಗೇಟಿನ ಮೇಲಿದ್ದ ನನ್ನ ಒದ್ದೆ ಕೈ ಹಿಡಿದು, "ಎಷ್ಟೊತ್ತಿಗೆ ಹೊರಡ್ಬೇಕು?" ಎಂದರು.