ರಾಯವ್ವ ಕೋಣ ಹೂಡಿಸಿದ ಸೋಮವಾರ

ದೊಡವಾಡದ ರಾಯವ್ವ ಒಮ್ಮೆ ಒಲ್ಲೆ ಅಂದ್ಲಂದ್ರ ಮುಗೀತು, ಬ್ರಹ್ಮ ಬಂದ್ರೂ ಹೂಂ ಅನಿಸಾಕ ಆಗತಿದ್ದಿಲ್ಲ. ಮಗ ದುಂಡಪ್ಪ ಊರಾಗ ಮೀಸಿ ತಿರುವಿ ಅಡ್ಡಾಡಿದ್ರೂ ಮನ್ಯಾಗ ತಾಯಿ ಕೆಮ್ಮಿದ್ರ ಎದ್ದು ನಿಲ್ಲತಿದ್ದ. ಸೊಸಿ ಸೋಮವ್ವನ ದನಿ ಎಂಥಾದ್ದು ಅಂತ ಬಾಜೂ ಮನಿಯವರಿಗೂ ಗೊತ್ತಿದ್ದಿಲ್ಲ.

ಇಂಥಾ ಮನ್ಯಾಗ ಹುಟ್ಟಿದ ಮೊಮ್ಮಗಳು ದೇವಕ್ಕಗ ಖೋ-ಖೋ ಹುಚ್ಚು ಹಿಡೀಬೇಕ? ಸಾಲಿಯ ಪಾಂಡುರಂಗ ಮಾಸ್ತರು ಹುಡಿಗ್ಯಾರದೊಂದು ತಂಡ ಕಟ್ಟಿದ್ರು. ಅದರಾಗ ಈಕಿನ ಎಲ್ಲಾರಿಗಿಂತ ಚುರುಕು. ಸಾಲಿ ಬಿಟ್ಟ ಮ್ಯಾಲೂ ಬಯಲಾಗ ಆಡಿ, ಹೊತ್ತು ಮುಳುಗೂದಕ್ಕ ಮನಿ ಮುಟ್ಟತಿದ್ಲು. ಹನ್ನೆರಡು ತುಂಬಿದ ಹುಡುಗಿ ಪರಕಾರ ಎತ್ತಿ ಕಟ್ಟಿ ಗಂಡಸರ ಮುಂದ ಓಡಿದ್ರ ನಾಳೆ ಕನ್ಯಾ ಕೇಳಾಕ ಯಾರು ಬರತಾರ, ಮನ್ಯಾಗ ಸೋಮವ್ವನ ಸಣ್ಣ ಕೂಸಿನ್ನ ಯಾರು ಆಡಸಬೇಕು ಅಂತ ರಾಯವ್ವ ದಿನಾ ಒದರಾಡಾಕಿ.

ಹತ್ತೊಂಬತ್ನೂರಾ ಐವತ್ತಾರರ ಸುಗ್ಗಿಯೊಳಗ ಬೈಲಹೊಂಗಲದಾಗ ಪಂದ್ಯ ಅಂತ ಆತು. ಮಾಸ್ತರು ಮನೀಗೆ ಬಂದು ಕಟ್ಟಿ ಮ್ಯಾಲ ಕುಂತು, ಚಹಾ ಕುಡದು, ಮುದುಕಿಗೆ ಬೆಣ್ಣಿ ಹಚ್ಚಿದ್ದ ಹಚ್ಚಿದ್ದು. ಕಡೀಕೆ ರಾಯವ್ವ ಕರಾರು ಹಾಕಿದ್ಲು: ಇದೊಂದ ಪಂದ್ಯ, ಮುಂದ ಆಟ ಬಂದ್. ಕಾಯಾಕ ತಾನೂ ಸಂಗಾಟ ಹೋಗಾಕಿ. ದೇವಕ್ಕ ಹೂಂ ಅಂತ ಗೋಣು ಹಾಕಿದ್ಲು, ಆಮ್ಯಾಲ ಹಿತ್ತಲಕ್ಕ ಹೋಗಿ ಅತ್ತಳು.

ಪಂದ್ಯ ಸೋಮವಾರ ಮಧ್ಯಾಹ್ನದ ಮ್ಯಾಲ. ಮುಂಜಾನೆ ಮಾಸ್ತರು, ಹುಡಿಗ್ಯಾರು, ರಾಯವ್ವ ಎಲ್ಲಾರೂ ನಿಂತ್ರ ಬಸ್ಸ ಬರಲಿಲ್ಲ. ಎಲ್ಲೋ ಕೆಟ್ಟು ನಿಂತೈತಿ ಅಂತ ಸುದ್ದಿ ಬಂತು. ಚಕ್ಕಡಿ ಹೂಡಬೇಕಂದ್ರ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ಯಾವ ರೈತನೂ ನೊಗ ಇಡೂದಿಲ್ಲ. ಈ ನೇಮಾನ ಎಲ್ಲಾರಿಗಿಂತ ಗಟ್ಟಿ ಹಿಡದಾಕಿ ರಾಯವ್ವನ. ಹುಡಿಗ್ಯಾರ ಮಾರಿ ನೋಡಿದ್ರ ಕರುಳು ಚುರ್ ಅಂತಿತ್ತು. ತಾನು ಕೊಟ್ಟ ಮಾತು ಬ್ಯಾರೆ. ಕಲ್ಲು ಹೇರೋ ಮುದಕಪ್ಪನ್ನ ಕರಿಸಿದ್ಲು. ಅವನ ಚಕ್ಕಡಿಗೆ ಎತ್ತಿರಲಿಲ್ಲ, ಎರಡು ಕೋಣ ಇದ್ದುವು.

"ಬಸವಣ್ಣಗ ಸೋಮವಾರ ಐತಿ, ಕೋಣಕ್ಕೇನೈತಿ? ಹೂಡೋ," ಅಂದ್ಲು.

ಯಮನ ವಾಹನ ಹೂಡಿಸ್ಯಾಳ ಮುದುಕಿ ಅಂತ ಊರು ಬಿದ್ದು ಬಿದ್ದು ನಕ್ಕಿತು. ನಕ್ರ ನಗಲಿ. ಚಕ್ಕಡಿ ತನ್ನ ಪಾಡಿಗೆ ತಾನು ಹೊಂಟಿತು, ಬಿಸಲೇರಿದ್ರೂ ಕೋಣಗೋಳು ಚಲೋನ ನಡದ್ವು. ಆದ್ರ ಬೈಲಹೊಂಗಲ ಇನ್ನೂ ಅರ್ಧ ಹರದಾರಿ ಇರೂವಾಗ ಹಾದ್ಯಾಗೊಂದು ಹಳ್ಳ ಬಂತು. ನೀರು ಕಂಡದ್ದ ತಡ, ಎರಡೂ ಕೋಣ ನೊಗದ ಸಮೇತ ನಡು ಹಳ್ಳದಾಗ ಮಲಗಿಬಿಟ್ಟುವು. ಮುದಕಪ್ಪ ಬೈದ, ಬಾರಕೋಲಲೆ ಬಡದ, ಕಡೀಕೆ ಕೈ ಮುಗದ. ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು.

ಹೊತ್ತು ನೆತ್ತಿ ದಾಟಿತ್ತು. ದೇವಕ್ಕ ನೀರಿಗೆ ಇಳದು ಅಜ್ಜಿಗೆ, ಆಯಿ, ನಾವು ಓಡಿ ಹೋಗತೇವಿ ಅಂದ್ಲು. ತನ್ನ ಬಿಟ್ಟು ಹೋಗಾಂಗಿಲ್ಲ ಅಂತ ರಾಯವ್ವ ಅಂದಿದ್ಲಲ್ಲ, ಈಗೇನು ಮಾಡೂದು? ತಾನೂ ಇಳದ್ಲು. ಸೀರಿ ಎತ್ತಿ ಕಚ್ಚಿ ಹಾಕಿ, ಸೆರಗು ಸೊಂಟಕ್ಕ ಬಿಗದು, ಹುಡಿಗ್ಯಾರ ಹಿಂದ ಓಡಾಕ ಹತ್ತಿದ್ಲು. ಜ್ವಾಳಾ ಕೊಯ್ಯೂ ಮಂದಿ ಕುಡಗೋಲು ಬಿಟ್ಟು ನೋಡಿದ್ರು. ಲಗ್ನ ಆದಮ್ಯಾಲ ರಾಯವ್ವ ಓಡಿದ್ದು ಇದ ಮೊದಲು. ಉಸುರು ಸಿಗವಲ್ದಾತು, ಕಾಲು ಉರದ್ವು, ಆದ್ರ ಒಳಗಿಂದ ನಗು ಉಕ್ಕಿ ಬಂತು. ಇಷ್ಟು ಸುಖಾ ಇರತೈತಿ ಓಡೂದ್ರಾಗ ಅನ್ನೂದನ್ನ ಆಕಿ ಮರತ ಬಿಟ್ಟಿದ್ಲು.

ಆಟದಾಗ ಹುಡಿಗ್ಯಾರು ಒಂದು ಪಂದ್ಯ ಗೆದ್ರು, ಕಡೀದು ಸೋತ್ರು. ಸೋತದ್ರಾಗೂ ದೇವಕ್ಕ ಬೆನ್ನಟ್ಟಿದವರಿಗೆ ನೀರು ಕುಡಿಸಿದ್ಲು. ಹಗ್ಗದ ಆಚಿ ನಿಂತ ರಾಯವ್ವ, ಇಕಿ ನಮ್ಮ ಹುಡುಗಿ ಅಂತ ಗುರತಿಲ್ಲದವರಿಗೆಲ್ಲಾ ಹೇಳಿದ್ದ ಹೇಳಿದ್ದು.

ಅಷ್ಟೊತ್ತಿಗೆ ಕೋಣ ತಾವ ಹಳ್ಳದಿಂದ ಎದ್ದಿದ್ದುವು; ಅದ ಚಕ್ಕಡ್ಯಾಗ ತಿರುಗಿ ಬರೂವಾಗ ದೇವಕ್ಕ ಆಯಿ ತೊಡಿ ಮ್ಯಾಲ ತಲಿ ಇಟ್ಟು ಒಂದು ಮಾತು ಹೇಳಿದ್ಲು. ದಿನಾ ತಾನು ಆಡಾಕ ಹೋದಾಗ ತನ್ನ ಪಾಲಿನ ನೀರು, ಕಸ, ಕೂಸು ಎಲ್ಲಾ ಅವ್ವನ ನೋಡಿಕೊಂತಾಳ, ಆಯಿ ಬೈದ್ರ ತಾನ ಬೈಸಿಕೊಂತಾಳ ಅಂತ. ಒಂದ ಮನ್ಯಾಗಿದ್ದು ತನಗ ಇದು ಕಾಣಲಿಲ್ಲಲ್ಲ ಅಂತ ರಾಯವ್ವಗ ಕಣ್ಣಾಗ ನೀರು ಬಂತು. ಸೊಸಿ ಹೀಂಗ ಸುಮ್ಮನ ದುಡದದ್ದಕ್ಕ ಇವತ್ತಿನ ಆಟ ನೋಡೂ ಭಾಗ್ಯ ತನಗ ಸಿಕ್ಕಿತ್ತು.

ಮನಿ ಮುಟ್ಟೂದ್ರಾಗ ರಾತ್ರಿ ಆಗಿತ್ತು. ಸೋಮವ್ವ ಕೊಯ್ಲಿನ ಆಳುಗಳಿಗೆಲ್ಲಾ ರೊಟ್ಟಿ ಬಡದು, ಬುತ್ತಿ ಕಳಿಸಿ, ಈಗ ಕೂಸಿನ್ನ ಬಗಲಾಗ ಎತ್ತಿಕೊಂಡು ಕಾಲಿಗೆ ನೀರು ಹಿಡಕೊಂಡು ಬಾಗಿಲದಾಗ ನಿಂತಿದ್ಲು. ಗೆದ್ರೇನು ಅಂತ ಕೇಳಾಕೂ ಆಕಿಗೆ ಧೈರ್ಯ ಇದ್ದಿಲ್ಲ. ಮಗಳ ಮಾರಿ ನೋಡಿದ್ಲು, ಅತ್ತಿ ಮಾರಿ ನೋಡಿದ್ಲು.

ರಾಯವ್ವ ಕಾಲು ತೊಳಕೊಂಡು, ಸೊಸಿ ಬಗಲಾಗಿನ ಕೂಸಿನ್ನ ತನ್ನ ಕೈಗೆ ತಗೊಂಡ್ಲು.

"ಮುಂದಿನ ಪಂದ್ಯಕ್ಕ ನೀ ಹೋಗಿ ನೋಡಿ ಬಾರವಾ ಸೋಮವ್ವ," ಅಂದ್ಲು. "ರೊಟ್ಟಿ ನಾ ಬಡೀತೇನಿ."