ಸಿಂಗಲ್ ಕಾಲಂ ‘ಕ್ಲಾಸ್’

ಪತ್ರಿಕೆಯ ಡೆಸ್ಕಿನಲ್ಲಿ ಕುಳಿತವರಿಗೆ ‘ಕ್ಲಾಸ್’ ಬಹಳ ಅನುಕೂಲದ ಪದ. ಸಚಿವರು ಅಧಿಕಾರಿಯನ್ನು ಬೈದರೆ ‘ಅಧಿಕಾರಿಗೆ ಸಚಿವರ ಕ್ಲಾಸ್’. ಹೆಲ್ಮೆಟ್ ಇಲ್ಲದ ಸವಾರನನ್ನು ಪೊಲೀಸರು ನಿಲ್ಲಿಸಿ ಗದರಿದರೂ ಕ್ಲಾಸ್. ಎರಡೇ ಅಕ್ಷರ, ಸಿಂಗಲ್ ಕಾಲಂನಲ್ಲಿ ಸಲೀಸಾಗಿ ಕೂರುತ್ತದೆ. ಕೂತು ಕಲಿಯುವುದಕ್ಕಿದ್ದ ಇಂಗ್ಲಿಷ್ ಪದ ನಮ್ಮ ಕೈಯಲ್ಲಿ ಬೈಗುಳವಾಯಿತು. ಬೈಗುಳಕ್ಕಿಂತ ಮುಂದಕ್ಕೂ ಅದು ಹೋಗುತ್ತದೆ ಎಂಬುದನ್ನು ಯಶವಂತಪುರದಲ್ಲಿ ಕಣ್ಣಾರೆ ನೋಡಿದೆ. ನೋಡಿದ ಮೇಲೂ ಅದನ್ನೇ ಬರೆದೆ.

ಬೆಳಿಗ್ಗೆ ಹತ್ತೂವರೆ. ಸಂಜಯನಗರದ ಮನೆಯಿಂದ ಬಂದು ಮೆಟ್ರೊ ಹತ್ತಲು ಹೊರಟಿದ್ದೆ. ಮಾರುಕಟ್ಟೆ ಕಡೆಯಿಂದ ಈರುಳ್ಳಿ ಚೀಲ ಹೇರಿಕೊಂಡು ಬಂದ ಲಗೇಜ್ ಆಟೊ ಮುಂದಿದ್ದ ಬಿಳಿ ಕಾರಿಗೆ ತಾಗಿತು. ಬಂಪರ್ ಮೇಲೆ ಗೀರು ಬಿತ್ತು. ಕಾರಿನಿಂದ ಮೂವರು ಇಳಿದರು. ಆಟೊ ಚಾಲಕ ತಾನೂ ಕೆಳಗಿಳಿದು ಕೈಮುಗಿದ.

“ತಪ್ಪಾತ್ರೀ ಸರ್, ಬ್ರೇಕ್ ಹಿಡೀಲಿಲ್ರಿ.”

“ಏನೋ ಅದು ರೀ ರೀ? ಯಾವೂರೋ ನಿಂದು?” ಎಂದ ಕಾರು ಓಡಿಸುತ್ತಿದ್ದವನು.

“ಕೊಪ್ಪಳದ ಕಡಿಯಾಂವ್ರಿ.”

“ಇಂಗೆ ಬಾಯಲ್ಲಿ ಯೋಳಿದ್ರೆ ಇವ್ನಿಗೆ ಅರ್ಥ ಆಗಲ್ಲ. ಕ್ಲಾಸ್ ತಗೊಳ್ರೋ.”

ಅವನೇ ಕಾರಿನ ಡಿಕ್ಕಿ ತೆಗೆದು, ಚಕ್ರ ಬಿಚ್ಚುವ ಕಬ್ಬಿಣದ ವೀಲ್ ಸ್ಪ್ಯಾನರ್ ಹಿಡಿದು ಬಂದ. ಮೊದಲ ಏಟು ಬಲ ಭುಜಕ್ಕೆ. ಎರಡನೆಯದು, ತಡೆಯಲು ಎತ್ತಿದ ಮುಂಗೈಗೆ. ಮೂಳೆ ಮುರಿದ ಸದ್ದು ರಸ್ತೆಯ ಈ ಬದಿಗೂ ಕೇಳಿಸಿತು. ಮೂರನೆಯದು ದವಡೆಗೆ. ಚಾಲಕ ಮಂಡಿಯೂರಿದ, ರಕ್ತದ ಜೊತೆ ಎರಡು ಹಲ್ಲು ಉಗುಳಿದ. ಉಳಿದಿಬ್ಬರು ಕಾಲರ್ ಹಿಡಿದು ಎಬ್ಬಿಸಿ ನಿಲ್ಲಿಸಿಕೊಂಡರು, ನಾಲ್ಕನೆಯದಕ್ಕೆ. ಅದೂ ದವಡೆಗೇ ಬಿತ್ತು. ಆಮೇಲೆ ಅವನ ಬಾಯಿ ಮುಚ್ಚಲಿಲ್ಲ, ಒಂದು ಕಡೆಗೆ ಜೋತುಬಿತ್ತು.

“ಏನ್ ಗುರು ಗಲಾಟೆ?” ಬೈಕ್ ನಿಲ್ಲಿಸಿದವನೊಬ್ಬ ಪಕ್ಕದವನನ್ನು ಕೇಳಿದ.

“ಏನಿಲ್ಲ ಮಗಾ, ಕ್ಲಾಸ್ ನಡೀತೈತೆ.”

“ಎಷ್ಟನೇ ಕ್ಲಾಸು?”

ನಾಲ್ಕೈದು ಜನ ನಕ್ಕರು. ಯಾರೂ ಬಿಡಿಸಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಹತ್ತಿರ ಹೋಗಲಿಲ್ಲ. ಕಾರಿನ ನಂಬರ್ ಬರೆದುಕೊಂಡು, ತಲೆ ತಗ್ಗಿಸಿ ಪೊಲೀಸರಿಗೆ ಫೋನ್ ಮಾಡಿದೆ. ತಲೆ ಎತ್ತಿದಾಗ ಚಾಲಕ ನೆಲದ ಮೇಲಿದ್ದ, ಕಾರು ಹೊರಟಿತ್ತು.

ಪೊಲೀಸರು ಬರುವವರೆಗೆ ಕಾಯದೆ ಆಫೀಸಿಗೆ ಹೋಗಿ ಐದು ಸಾಲು ಬರೆದೆ, ಹೊಡೆದರು ಎಂಬ ಮಾತಿಲ್ಲದೆ. ‘ಕಾರಿಗೆ ಡಿಕ್ಕಿ: ಚಾಲಕನಿಗೆ ಕ್ಲಾಸ್’ ಎಂಬ ಶೀರ್ಷಿಕೆ ಕೊಟ್ಟವಳೂ ನಾನೇ. ‘ಹಲ್ಲೆ’ಗೂ ಎರಡೇ ಅಕ್ಷರ. ಜಾಗ ಇರಲಿಲ್ಲ ಎಂದು ಹೇಳುವಂತಿಲ್ಲ. ಗುಂಪಿನ ಮಾತು ಕಿವಿಯಲ್ಲಿತ್ತು, ಬೆರಳಿಗೆ ಬಂತು.

ಮೂರನೆಯ ದಿನ ಚಾಲಕನ ಹೆಂಡತಿ ಆಫೀಸಿಗೆ ಬಂದಳು. ಟಿ. ದಾಸರಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು. ಪತ್ರಿಕೆಯನ್ನು ಮಡಚಿ ತಂದಿದ್ದಳು.

“ಇದನ್ನ ಬರದಾವ್ರು ನೀವೇನ್ರಿ ಮೇಡಂ?”

“ಹೌದು.”

“ಠಾಣೇದಾಗ ರೈಟರ್ ಇದನ್ನ ತೋರಿಸಿದ್ರು. ‘ಪೇಪರಲ್ಲೇ ಕ್ಲಾಸ್ ಅಂತ ಐತಲ್ಲಮ್ಮ, ಬೈದವ್ರೆ ಅಷ್ಟೇ. ನಿನ್ ಗಂಡ ಗಾಡಿಯಿಂದ ಬಿದ್ದವ್ನೆ’ ಅಂದ್ರು. ಕೇಸ್ ತಗೊಳ್ಳವಲ್ರು. ನಮ್ಮ ಕಡೆ ಕ್ಲಾಸ್ ಅಂದ್ರ ಸಾಲ್ಯಾಗ ಕೂಡೂದ್ರಿ. ನಮ್ಮನಿಯವ್ರಿಗೆ ಇವ್ರು ಏನ್ ಕಲಿಸಿದ್ರು, ಹೇಳ್ರಿ?”

ಅವಳ ಗಂಡನ ದವಡೆಗೆ ತಂತಿ ಕಟ್ಟಿದ್ದರು, ಮಾತಾಡುವಂತಿರಲಿಲ್ಲ. ಬಲಗೈಗೆ ಪ್ಲಾಸ್ಟರ್, ಬರೆಯುವಂತೆಯೂ ಇರಲಿಲ್ಲ. ನೋಡಿ ನಕ್ಕವರು ಯಾರೂ ಸಾಕ್ಷಿಗೆ ಸಿಕ್ಕಿರಲಿಲ್ಲ. ಹೊಡೆದರು ಎಂದು ದಾಖಲಾಗಬೇಕಾದರೆ ನಾನು ಹೇಳಬೇಕಿತ್ತು.

ಮಧ್ಯಾಹ್ನವೇ ಅವಳ ಜೊತೆ ಠಾಣೆಗೆ ಹೋದೆ.

“ನೀವೇ ಬರೆದಿದ್ದೀರಲ್ಲ ಮೇಡಂ,” ಎಂದ ದೂರು ಬರೆದುಕೊಳ್ಳುವ ರೈಟರ್.

“ತಪ್ಪು ಬರೆದಿದ್ದೆ. ತಿದ್ದುಪಡಿ ನಾಳೆ ಬರುತ್ತೆ. ಈಗ ಹೇಳಿಕೆ ಬರ್ಕೊಳ್ಳಿ.”

ಏಟಿನ ಲೆಕ್ಕ, ಬಿದ್ದ ಜಾಗ, ಕೈಯಲ್ಲಿದ್ದ ಸ್ಪ್ಯಾನರ್, ಕಾರಿನ ನಂಬರ್ ಎಲ್ಲ ಹೇಳಿದೆ. ಅವನು ಬರೆದದ್ದನ್ನು ಓದಿದ: “ಸದರಿ ಚಾಲಕನಿಗೆ ಬುದ್ಧಿ ಕಲಿಸುವ ಉದ್ದೇಶದಿಂದ...”

“ಅದನ್ನ ತೆಗೀರಿ.”

“ಮಾಮೂಲಿ ಹಿಂಗೇ ಬರೆಯೋದು ಮೇಡಂ.”

“ನಾನು ಹಾಗೆ ಹೇಳಲಿಲ್ಲ. ಹೊಡೆದರು ಅಂದೆ.”

ಅವನು ಗೆರೆ ಎಳೆದು, ಮೇಲೆ ‘ಹೊಡೆದರು’ ಎಂದು ಬರೆದ. ಆಗ ಅವಳು ಮುಂದೆ ಬಾಗಿದಳು.

“ಕೆಳಗ ಬಿದ್ದ ಮ್ಯಾಲ ಎದಿಗೆ ಒದ್ದಾರಂತ್ರಿ. ನಮ್ಮನಿಯವ್ರು ಎಡಗೈಲೆ ತೋರಿಸ್ಯಾರ. ಎರಡು ಪಕ್ಕೆಲುಬು ಮುರದಾವ. ಅದನ್ನೂ ಬರಸ್ರಿ.”

“ಅದನ್ನ ನಾನು ನೋಡಿಲ್ಲ.”

“ಅಲ್ಲೇ ಇದ್ರೆಲ್ರಿ.”

“ಇದ್ದೆ. ಆಗ ಫೋನ್ ನೋಡ್ತಿದ್ದೆ.”

ರೈಟರ್ ಪೆನ್ನು ಎತ್ತಿ ಹಿಡಿದು ಕಾದ. “ಸೇರಿಸ್ಲಾ, ಬೇಡ್ವಾ?”

ನೋಡದ್ದನ್ನು ಸೇರಿಸಿದರೆ ಕೋರ್ಟಿನಲ್ಲಿ ನೋಡಿದ್ದೂ ಬಿದ್ದುಹೋಗುತ್ತದೆ. ಸೇರಿಸದಿದ್ದರೆ ಆ ಎರಡು ಮೂಳೆ ಗಾಡಿಯಿಂದ ಬಿದ್ದು ಮುರಿದವಾಗಿಯೇ ಉಳಿಯುತ್ತವೆ.

“ಬ್ಯಾಡ್ರಿ,” ಎಂದಳು ಅವಳೇ. “ಅದೊಂದು ಸುಳ್ಳು ಅಂತ ಎಲ್ಲಾನೂ ಸುಳ್ಳು ಮಾಡ್ತಾರ. ಕಂಡಷ್ಟ ಇರಲಿ.”

ನಾಲ್ಕು ಏಟು ದಾಖಲಾದವು. ನಾನು ಸಹಿ ಮಾಡಿದೆ. ಎಫ್‌ಐಆರ್ ಪ್ರತಿ ಕೈಗೆ ಬಂದ ಮೇಲೆ ಅವಳು ಅಲ್ಲೇ ನಿಂತು ಬೆರಳಿಟ್ಟು ಪೂರ್ತಿ ಓದಿದಳು.

“ಇದನ್ನ ನಮ್ಮನಿಯವ್ರಿಗೆ ಓದಿ ಹೇಳ್ಬೇಕ್ರಿ. ಒದ್ದದ್ದು ಎಲ್ಲೈತಿ ಅಂತ ಕೈಸನ್ನಿ ಮಾಡ್ತಾರ. ಏನ್ ಹೇಳ್ಲಿ?”

“ಸಾಕ್ಷಿ ಹೇಳಿದವಳು ನೋಡಲಿಲ್ಲ ಅಂತ ಹೇಳಿ,” ಎಂದೆ.