ಕಾಂತಿಯ ಚಿಮ್ಮಂಡೆಗಳು

ಸಿದ್ದಕಟ್ಟೆಯ ಕಾಂತಿ ಬೀಡಿ ಕಟ್ಟುತ್ತಲೇ ಕನಸು ಕಾಣುವವಳು. ಬೆರಳು ತನ್ನಷ್ಟಕ್ಕೆ ಎಲೆ ಸುತ್ತುತ್ತಿದ್ದರೆ ಕಣ್ಣು ಇನ್ನೆಲ್ಲೋ ಇರುತ್ತಿತ್ತು. ಮೂಡುಬಿದಿರೆಗೆ ಹೋದಾಗೆಲ್ಲ ಯಾಕೂಬನ ಅಲಂಕಾರದ ಮೀನಿನ ಅಂಗಡಿಗೆ ಹೊಕ್ಕು, ಗಾಜಿನಾಚೆ ತೇಲುವ ಬೆಳ್ಳಿ ಬಣ್ಣದ ಅರೋವಾನ ಮೀನನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಮೀನು ತಿರುಗಿದರೆ ಇವಳ ಕತ್ತೂ ಮೆಲ್ಲಗೆ ತಿರುಗುತ್ತಿತ್ತು. ನೋಡಿ ನೋಡಿ ಯಾಕೂಬನೇ ಅವಳಿಗೊಂದು ಸ್ಟೂಲು ಹಾಕಿಟ್ಟಿದ್ದ.

ಎರಡು ಸಾವಿರದ ಮೂರನೇ ಇಸವಿಯ ಸುಮಾರಿಗೆ ಆ ಮೀನು ಒಣ ಆಹಾರ ಮುಟ್ಟುವುದನ್ನು ಬಿಟ್ಟಿತು. ಅದಕ್ಕೆ ಜೀವಂತ ಹುಳವೇ ಆಗಬೇಕು, ತಂದುಕೊಡುವವರಿಲ್ಲ ಎಂದು ಯಾಕೂಬ್ ಪೇಚಾಡಿದ. ಸಂಜೆಯಾದರೆ ಸಂದಿಗೊಂದಿಯಲ್ಲಿ ಕಿರ್ರೆನ್ನುವ ಕಂದು ಚಿಮ್ಮಂಡೆ ಆದೀತೇ ಎಂದು ಕಾಂತಿ ಕೇಳಿದಳು. ಆದೀತು, ಆದರೆ ಕೀಟದ ಮದ್ದು ಸಿಂಪಡಿಸಿದ ತೋಟದ್ದು ಬೇಡ, ಮನೆಯಲ್ಲಿ ಸಾಕಿದ್ದಾದರೆ ಒಳ್ಳೆಯದು ಎಂದ ಅವನು.

ಸೌದೆ ರಾಶಿಯಡಿ ಹಿಡಿದ ಚಿಮ್ಮಂಡೆಗಳನ್ನು ಅವಳು ಹಳೆಯ ಮರದ ಪೆಟ್ಟಿಗೆಯಲ್ಲಿ ಬಿಟ್ಟಳು. ಹಿಂದೆ ಅದರಲ್ಲಿ ಹೊಗೆಸೊಪ್ಪು ಇಡುತ್ತಿದ್ದರು. ತೊಳೆದು ಬಿಸಿಲಿಗಿಟ್ಟಿದ್ದರೂ ಬೆಳಗಾಗುವಾಗ ಎಲ್ಲವೂ ಅಂಗಾತ ಬಿದ್ದಿದ್ದವು. ಗೆದ್ದಲು ಬಾರದಂತೆ ಗೇರೆಣ್ಣೆ ಹಚ್ಚಿದ ಇನ್ನೊಂದು ಪೆಟ್ಟಿಗೆಯಲ್ಲೂ ಅದೇ ಗತಿ. ಮೂರನೆಯದು ಪ್ಲಾಸ್ಟಿಕ್ ಬಕೆಟ್ಟು, ಬಾಯಿಗೆ ಸೊಳ್ಳೆ ಪರದೆಯ ತುಂಡು. ಅದರಲ್ಲಿ ಬದುಕಿದವೇನೋ ನಿಜ, ಆದರೆ ನೈಲಾನನ್ನು ಕಡಿದು ಹೊರಬಿದ್ದವು. ಆ ಮುಸ್ಸಂಜೆ ಅಕ್ಕಿ ಡಬ್ಬದ ಹಿಂದಿನಿಂದ, ಮಾಡಿನ ಸಂದಿಯಿಂದ, ಚಾಪೆಯ ಸುರುಳಿಯೊಳಗಿಂದ ಮನೆಯೆಲ್ಲ ಹಾಡತೊಡಗಿತು. ಕಣ್ಣು ಮಂಜಾಗಿದ್ದ ತಾಯಿ ದೇಯಿ ಗೋಡೆಗೊರಗಿ, ತಾನು ಚಿಕ್ಕಂದಿನಲ್ಲಿ ಗದ್ದೆಯ ಬದಿಯಲ್ಲಿ ಮಲಗಿದ ಹಾಗೆ ಆಗುತ್ತಿದೆ ಎಂದಳು. ದೀಪ ಹಚ್ಚುವುದನ್ನೇ ಮರೆತು ಇಬ್ಬರೂ ಕೇಳುತ್ತ ಕೂತರು.

ಯಾಕೂಬ್ ಒಡೆದ ಮೂಲೆಗೆ ಅಂಟು ಹಚ್ಚಿ ಒಂದು ಗಾಜಿನ ತೊಟ್ಟಿ ಕೊಟ್ಟ.

"ಇದರಲ್ಲಿ ನೀರು ನಿಲ್ಲುದಿಲ್ಲ ಕಾಂತಿಯಕ್ಕ, ಹುಳ ನಿಲ್ತದೆ. ಗಾಜು ಹತ್ತಲಿಕ್ಕೆ ಅವಕ್ಕೆ ಆಗುದಿಲ್ಲ. ಅಂಟಿನ ಹುಳಿ ವಾಸನೆ ಹೋಗುವವರೆಗೆ ಒಳಗೆ ಬಿಡ್ಬೇಡಿ."

ವಾಸನೆ ಹೋಗುವ ತನಕ ಅವಳು ಕಾದಳು. ಮೇಲೆ ಸ್ಟೀಲಿನ ಜಾಲರಿ, ಒಳಗೆ ಅಡಗಲು ಶಾಯಿಯ ಅಚ್ಚಿಲ್ಲದ ರಟ್ಟಿನ ಮೊಟ್ಟೆ ಟ್ರೇ, ಮುಳುಗಿ ಸಾಯದಿರಲೆಂದು ನೀರಿನ ಬದಲು ಒದ್ದೆ ಹತ್ತಿ. ಆದರೂ ಸಾವು ನಿಲ್ಲಲಿಲ್ಲ. ತಾನು ಸೌತೆಕಾಯಿ ಚೂರು ಹಾಕಿದ ದಿನವೇ ಸಾಯುತ್ತವೆ, ತಾಯಿ ಹಾಕಿದ ದಿನ ಸಾಯುವುದಿಲ್ಲ ಎಂಬುದು ಅವಳಿಗೆ ತಡವಾಗಿ ಹೊಳೆಯಿತು. ತಾಯಿ ಬೀಡಿ ಕಟ್ಟುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಾಂತಿ ಬೆರಳನ್ನು ಮೂಗಿಗೆ ಹಿಡಿದಳು. ಹೊಗೆಸೊಪ್ಪು. ತೊಳೆದ ಮೇಲೂ ಹೊಗೆಸೊಪ್ಪು.

ಅವಳು ಹೇಳಿದ್ದನ್ನು ಕೇಳಿ ದೇಯಿ ಕೆಮ್ಮಿ ಕೇಳಿದಳು: "ಹುಳಕ್ಕೆ ಆಗದ್ದು ನಮಗೆ ಆಗ್ತದಾ ಮಗಾ?"

"ಆಗುದಿಲ್ಲಾಂತ ಕಾಣ್ತದೆ ಅಮ್ಮ."

ಮರುದಿನವೇ ಕಾಂತಿ ಎಲೆ, ಹೊಗೆಸೊಪ್ಪು ಹರಡಿಕೊಳ್ಳುವ ಬೀಡಿಯ ಮೊರ, ತಡ್ಪೆಯನ್ನು ಜಗಲಿಯಾಚೆಯ ಚಪ್ಪರಕ್ಕೆ ಒಯ್ದಳು. ತೊಟ್ಟಿಯ ಕೆಲಸವನ್ನೆಲ್ಲ ಬೆಳಿಗ್ಗೆ ಎದ್ದು ಸ್ನಾನವಾದ ಕೂಡಲೇ ಮುಗಿಸತೊಡಗಿದಳು. ಚಿಮ್ಮಂಡೆಗಳು ಉಳಿದವು, ಒದ್ದೆ ಮಣ್ಣಿನ ಬಟ್ಟಲಲ್ಲಿ ಮೊಟ್ಟೆಯಿಟ್ಟವು, ಎಳ್ಳಿನಷ್ಟು ಮರಿಗಳು ಮಣ್ಣಿನಿಂದೆದ್ದು ಬಂದವು. ಅರೋವಾನ ಮತ್ತೆ ಮೈ ತುಂಬಿಕೊಂಡಿತು. ಸಾಕುಮೀನಿನ ಹುಚ್ಚಿನ ಕೆಲವರು ಕಾಂತಿಯ ಹುಳಗಳನ್ನೇ ಕೇಳಿಕೊಂಡು ಬರತೊಡಗಿದರು.

ಬೀಡಿ ಒಮ್ಮೆಲೇ ಬಿಡಲಾಗಲಿಲ್ಲ. ಮೊದಲು ಅರ್ಧವಾಯಿತು, ಆಮೇಲೆ ಹಬ್ಬದ ಖರ್ಚಿಗೆಂದು ಮಾತ್ರ. ಯಾಕೂಬನ ಹೆಂಡತಿ ಬೀಬಿ ಅಂಗಡಿಯಲ್ಲಿ ಕೂರಲು ಕರೆದ ವರ್ಷ ಅದೂ ನಿಂತಿತು. ಈಗ ಸಂಜೆ ಅಂಗಡಿಯ ಹಿಂಬದಿಯ ಸಾಲು ತೊಟ್ಟಿಗಳಿಂದ ಸದ್ದೇಳುವಾಗ, ಮೀನು ಕೊಳ್ಳಲು ಬಂದ ಕಾಲೇಜು ಮಕ್ಕಳೂ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಆ ಹಾಡು ಕೇಳುತ್ತ ಕಣ್ಣು ಇನ್ನೆಲ್ಲೋ ಇಟ್ಟು ಕೂತ ಕಾಂತಿಗೆ, ಆಮೇಲೆ ಅವರು ಕರೆದದ್ದು ಒಂದೇ ಸಲಕ್ಕೆ ಕೇಳಿಸುವುದಿಲ್ಲ.